ಏಣು ಸವರಿಕೆಯ ತುದಿಗಳು: ಕರಾವಳಿಯ ಮರಗೆಲಸದ ಒಂದು ಕಿರಿಯ ಅಂಗದ ವಿಚಾರ

ಹಳೆಯ ಕಟ್ಟಡವೊಂದರ ಮರಗೆಲಸವನ್ನು ವರ್ಣಿಸುವಾಗ ನಮ್ಮ ಗಮನವು ಸಹಜವಾಗಿ ಬೋದಿಗೆಯ ಕೆತ್ತನೆ, ಬಾಗಿಲಿನ ಲಲಾಟದ ಗಜಲಕ್ಷ್ಮಿ, ಮುಚ್ಚಿಗೆಯ ಪದ್ಮ ಮುಂತಾದ ದೊಡ್ಡ ಅಲಂಕಾರಗಳ ಕಡೆಗೆ ಹೋಗುತ್ತದೆ. ಇವುಗಳ ನಡುವೆ ಸುಲಭವಾಗಿ ಕಣ್ಣಿಗೆ ಬೀಳದ ಒಂದು ಅಂಗವುಂಟು. ಚೌಕವಾದ ಕಂಬದ ಅಥವಾ ತೊಲೆಯ ಹರಿತವಾದ ಏಣನ್ನು ಬಡಗಿಯು ಓರೆಯಾಗಿ ಸವರುತ್ತಾನೆ. ಆ ಸವರಿಕೆಯು ಮರದ ಉದ್ದಕ್ಕೂ ಹೋಗದೆ, ಜೋಡಣೆಯ ಸ್ಥಳಕ್ಕಿಂತ ಸ್ವಲ್ಪ ಮೊದಲೇ ನಿಲ್ಲುತ್ತದೆ. ನಿಂತ ಎಡೆಯಲ್ಲಿ ಓರೆಯಾದ ಮೈಯಿಂದ ಚೌಕವಾದ ಮೂಲೆಗೆ ಹಿಂದಿರುಗಬೇಕಾಗುವುದರಿಂದ ಅಲ್ಲಿ ಏನಾದರೊಂದು ಆಕಾರವನ್ನು ಕೊಡಲೇಬೇಕು. ಆ ಆಕಾರವನ್ನು ಈ ಲೇಖನದಲ್ಲಿ ‘ಸವರಿಕೆಯ ತುದಿ’ ಎಂದು ಕರೆಯಲಾಗಿದೆ. ಪಟ್ಟಿಕೆಗಳೆಂದರೆ ಮರದ ಅಂಚಿನಲ್ಲಿ ಉಬ್ಬುತಗ್ಗುಗಳಾಗಿ ಓಡುವ ಗೆರೆಗೆಲಸ. ಅವುಗಳ ತುದಿಗೂ ಇದೇ ಸಮಸ್ಯೆಯುಂಟು.

ಶಾಂಭವೀ ನದಿಯು ಕಡಲನ್ನು ಸೇರುವ ಹೆಜಮಾಡಿಯಿಂದ ತೊಡಗಿ ಕಾಪು, ಉಡುಪಿ, ಕಾರ್ಕಳಗಳವರೆಗಿನ ನಾಡು, ಅದಕ್ಕೆ ತಾಗಿಕೊಂಡಿರುವ ಮೂಡಬಿದಿರೆಯ ಪ್ರದೇಶ, ಇವು ಮರಗೆಲಸದ ನಾಡುಗಳು. ಗುತ್ತು, ಬೀಡು, ಬರ್ಕೆಗಳ ಚಾವಡಿಗಳಲ್ಲಿ ಹಲಸಿನ ಮತ್ತು ತೇಗದ ಕಂಬಗಳು ನಿಂತಿವೆ. ದೇವಾಲಯ, ಬಸದಿ, ದೈವಸ್ಥಾನಗಳಲ್ಲಿ ಮರದ ಕೆಲಸವೂ ಕಲ್ಲಿನ ಕೆಲಸವೂ ಒಂದರ ಪಕ್ಕದಲ್ಲೊಂದು ಬೆಳೆದಿವೆ. ಸವರಿಕೆಯ ತುದಿಯು ಅಗತ್ಯದಿಂದ ಹುಟ್ಟಿ ಅಲಂಕಾರವಾದ ಅಂಗವೆಂಬುದನ್ನೂ, ಮನೆಯ ಚರಿತ್ರೆಯನ್ನು ಹೇಳಬಲ್ಲ ಸಾಕ್ಷಿಗಳಲ್ಲಿ ಅದು ಬೇಗನೆ ನಾಶವಾಗತಕ್ಕ ಸಾಕ್ಷಿಯೆಂಬುದನ್ನೂ ತೋರಿಸುವುದು ಈ ಲೇಖನದ ಉದ್ದೇಶ.

1. ಏಣನ್ನು ಸವರುವುದೇಕೆ, ನಿಲ್ಲಿಸುವುದೇಕೆ?

ಮರದ ಏಣು ಅದರ ದುರ್ಬಲವಾದ ಭಾಗ. ಎರಡು ಮೈಗಳು ಲಂಬವಾಗಿ ಸೇರುವೆಡೆಯಲ್ಲಿ ಎಳೆಗಳಿಗೆ ಒಂದೇ ಕಡೆಯಿಂದ ಆಸರೆಯಿರುತ್ತದೆ. ಭತ್ತದ ಮುಡಿ ತಾಗಿದರೂ ನೇಗಿಲು ಒರಗಿದರೂ ಅಲ್ಲಿ ಸಿಬಿರು ಏಳುತ್ತದೆ. ಕಂಬಕ್ಕೆ ಒರಗಿ ಕುಳಿತವರ ಬೆನ್ನಿಗೂ ಹರಿತವಾದ ಏಣು ಹಿತವಲ್ಲ. ಬೆಂಕಿಯು ಮೊದಲು ಹಿಡಿಯುವುದೂ ಏಣನ್ನೇ, ಏಕೆಂದರೆ ಅದು ಎರಡು ಕಡೆಗಳಿಂದಲೂ ಏಕಕಾಲದಲ್ಲಿ ಕಾಯುತ್ತದೆ. ಇನ್ನೊಂದು ಕಾರಣ ಕಣ್ಣಿಗೆ ಸಂಬಂಧಿಸಿದುದು. ತಗ್ಗಾದ ಮಾಡಿನ ಕೆಳಗೆ ಬೆಳಕು ಅಂಗಳದ ಕಡೆಯಿಂದ ಮಾತ್ರ ಬರುವ ಚಾವಡಿಯಲ್ಲಿ ಚೌಕದ ಕಂಬವು ಒಂದು ಬೆಳಕಿನ ಮುಖವಾಗಿಯೂ ಒಂದು ಕತ್ತಲೆಯ ಮುಖವಾಗಿಯೂ ಕಾಣುತ್ತದೆ. ಏಣನ್ನು ಸವರಿದಾಗ ಇವೆರಡರ ನಡುವೆ ಮಧ್ಯಮ ಛಾಯೆಯ ಮೂರನೆಯ ಪಟ್ಟೆಯೊಂದು ಹುಟ್ಟಿ, ಕಂಬವು ಇರುವುದಕ್ಕಿಂತ ತೆಳ್ಳಗೆ ಕಾಣುತ್ತದೆ.

ಹಾಗಾದರೆ ಸವರಿಕೆಯನ್ನು ತುದಿಯವರೆಗೂ ಒಯ್ಯದಿರುವುದೇಕೆ? ಕಂಬದ ತಲೆಯನ್ನು ಕಿರಿದುಮಾಡಿ ಮೊನೆಯನ್ನು ತೆಗೆದು, ಅದನ್ನು ಬೋದಿಗೆಯ ಅಥವಾ ತೊಲೆಯ ಕುಳಿಯಲ್ಲಿ ಕೂಡಿಸುವುದು ರೂಢಿ. ಮೇಲಿನ ಭಾರವನ್ನು ಹೊರುವುದು ಮೊನೆಯಲ್ಲ. ಮೊನೆಯ ಸುತ್ತಲೂ ಉಳಿಯುವ ಹೆಗಲು. 6 ಅಂಗುಲ ಚೌಕದ ಕಂಬದಲ್ಲಿ 2 ಅಂಗುಲ ಚೌಕದ ಮೊನೆಯಿದ್ದರೆ, 36 ಚದರ ಅಂಗುಲದಲ್ಲಿ 4 ಕಳೆದು 32 ಚದರ ಅಂಗುಲದಷ್ಟು ಹೆಗಲು ಉಳಿಯುತ್ತದೆ. ಆದರೆ ಅದೇ ಕಂಬವನ್ನು ಕೊನೆಯವರೆಗೂ ಸಮವಾದ ಎಂಟು ಪಟ್ಟೆಯಾಗಿ ಸವರಿದರೆ ಒಟ್ಟು ಅಡ್ಡಕೊಯ್ತವು ಸುಮಾರು 29.8 ಚದರ ಅಂಗುಲಕ್ಕೆ ಇಳಿದು, ಹೆಗಲು 25.8 ಚದರ ಅಂಗುಲವಾಗುತ್ತದೆ. ಎಂದರೆ ಭಾರವನ್ನು ಹೊರುವ ಜಾಗದಲ್ಲಿ ಸುಮಾರು ಐದರಲ್ಲಿ ಒಂದು ಭಾಗವು ನಷ್ಟವಾಗುತ್ತದೆ. ಅಲ್ಲದೆ ಚೌಕದ ಬೋದಿಗೆಯ ಅಡಿಯಲ್ಲಿ ಎಂಟು ಪಟ್ಟೆಯ ತಲೆಯು ಕುಳಿತರೆ ನಾಲ್ಕು ಮೂಲೆಗಳಲ್ಲಿಯೂ ಸಂದು ಬಾಯಿ ತೆರೆದಿರುತ್ತದೆ.

ಕಂಬದ ಬುಡದಲ್ಲಿಯೂ ಹೀಗೆಯೇ. ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಸುರಿಯುವ ಈ ನಾಡಿನಲ್ಲಿ ಮರದ ಕಂಬವನ್ನು ನೆಲಕ್ಕೆ ಊರದೆ ಅಡಿಗಲ್ಲಿನ ಮೇಲೆ ನಿಲ್ಲಿಸುವುದು ಪದ್ಧತಿ. ಮರವು ನೀರನ್ನು ಅತಿ ವೇಗವಾಗಿ ಹೀರುವುದು ಎಳೆಗಳ ತುದಿಯ ಮೂಲಕ. ಆದುದರಿಂದ ಬುಡದಲ್ಲಿ ಸಾಧ್ಯವಾದಷ್ಟು ಮರವನ್ನು ಉಳಿಸಿ, ಚೌಕವಾಗಿಯೇ ಕಲ್ಲಿನ ಮೇಲೆ ಕೂಡಿಸುವುದು ವಿವೇಕ. ಹೀಗೆ ಮೇಲೆ ಒಂದು ಚೌಕ, ಕೆಳಗೆ ಒಂದು ಚೌಕ, ನಡುವೆ ಸವರಿದ ಮೈ ಎಂಬ ವಿಭಾಗವು ಕೆಲಸದ ಅಗತ್ಯದಿಂದಲೇ ಹುಟ್ಟುತ್ತದೆ.

ಇಂಗ್ಲೆಂಡಿನ ಸರ್ರೆ ಪ್ರಾಂತದ ಫಾರ್ನಮ್ ಊರಿನಲ್ಲಿ ಬಂಡಿಯ ಕಾರ್ಖಾನೆಯನ್ನು ನಡೆಸಿದ ಜಾರ್ಜ್ ಸ್ಟರ್ಟ್ ಎಂಬಾತನು 1923ರಲ್ಲಿ ಪ್ರಕಟಿಸಿದ ‘ದಿ ವೀಲ್‌ರೈಟ್ಸ್ ಶಾಪ್’ ಎಂಬ ಗ್ರಂಥದಲ್ಲಿ ಇದಕ್ಕೆ ಸಮೀಪವಾದ ವಿಚಾರವನ್ನು ವಿವರಿಸಿದ್ದಾನೆ. ಕುದುರೆಯು ಎಳೆಯಬೇಕಾದ ಭಾರವನ್ನು ಕಡಮೆ ಮಾಡಲು ಬಡಗಿಗಳು ಬಂಡಿಯ ಮರಗಳನ್ನು ಅಲ್ಲಲ್ಲಿ ಕೆತ್ತಿ ಹಗುರಮಾಡುತ್ತಿದ್ದರು; ಜೋಡಣೆಗಳಿರುವೆಡೆಯಲ್ಲಿ ಮಾತ್ರ ಪೂರ್ಣ ಗಾತ್ರವನ್ನು ಉಳಿಸುತ್ತಿದ್ದರು. ನೋಡುವವರಿಗೆ ಅಲಂಕಾರವೆಂದು ತೋರುವುದು ಅಲ್ಲಿ ತೂಕದ ಲೆಕ್ಕವಾಗಿದ್ದಿತು. ನಮ್ಮ ಚಾವಡಿಯ ಕಂಬದಲ್ಲಿ ತೂಕದ ಪ್ರಶ್ನೆಯಿಲ್ಲ. ಆದರೆ ಎಲ್ಲಿ ತೆಗೆಯಬಹುದು, ಎಲ್ಲಿ ತೆಗೆಯಬಾರದು ಎಂಬ ವಿವೇಚನೆ ಅದೇ.

2. ಚೌಕದಿಂದ ಎಂಟು ಪಟ್ಟೆಗೆ

ಶಿಲ್ಪಶಾಸ್ತ್ರಗಳಲ್ಲಿ ಕಂಬಗಳಿಗೆ ಅವುಗಳ ಅಡ್ಡಕೊಯ್ತವನ್ನು ಅನುಸರಿಸಿ ಹೆಸರುಗಳನ್ನಿಡಲಾಗಿದೆ. ‘ಮಾನಸಾರ’ದ ಪ್ರಕಾರ ಚೌಕವಾದುದು ಬ್ರಹ್ಮಕಾಂತ, ಎಂಟು ಪಟ್ಟೆಯದು ವಿಷ್ಣುಕಾಂತ, ಹದಿನಾರು ಪಟ್ಟೆಯದು ಅಥವಾ ದುಂಡಾದುದು ರುದ್ರಕಾಂತ. ಶಿವಲಿಂಗದ ಮೂರು ಭಾಗಗಳಲ್ಲಿಯೂ ಇದೇ ಕ್ರಮವಿರುವುದನ್ನು ವಾಚಕರು ಬಲ್ಲರು: ಕೆಳಗೆ ಚೌಕದ ಬ್ರಹ್ಮಭಾಗ, ನಡುವೆ ಎಂಟು ಪಟ್ಟೆಯ ವಿಷ್ಣುಭಾಗ, ಮೇಲೆ ದುಂಡಾದ ರುದ್ರಭಾಗ. ಈ ಕ್ರಮಕ್ಕಿರುವ ದೈವಿಕವಾದ ಅರ್ಥವು ಒತ್ತಟ್ಟಿಗಿರಲಿ. ಕೆಲಸದ ದೃಷ್ಟಿಯಿಂದ ಅದು ಚೌಕದ ದಿಮ್ಮಿಯನ್ನು ದುಂಡಾಗಿಸುವ ಕ್ರಮವೇ ಆಗಿದೆ. ಕಡಲಿಗಿಳಿಯುವ ಹಡಗಿನ ಪಟಸ್ತಂಭವನ್ನು ಮಾಡುವವನೂ ಮೊದಲು ಚೌಕ, ಬಳಿಕ ಎಂಟು, ಬಳಿಕ ಹದಿನಾರು ಪಟ್ಟೆಗಳನ್ನು ತೆಗೆದು ಕೊನೆಗೆ ಉಳಿದ ಏಣುಗಳನ್ನು ಉಜ್ಜಿ ದುಂಡು ಮಾಡುತ್ತಾನೆ.

ಚೌಕದಿಂದ ಸಮವಾದ ಎಂಟು ಪಟ್ಟೆಯನ್ನು ಪಡೆಯಲು ಪ್ರತಿಯೊಂದು ಮೂಲೆಯಿಂದಲೂ ಎಷ್ಟು ಒಳಕ್ಕೆ ಗುರುತು ಹಾಕಬೇಕು? ಬದಿಯ ಅಳತೆಯ 0.293 ಪಾಲು ಎಂದು ಗಣಿತವು ಹೇಳುತ್ತದೆ. ಗಣಿತವಿಲ್ಲದೆಯೂ ಇದನ್ನು ಸಾಧಿಸಬಹುದು. ಕಂಬದ ತಲೆಯ ಮೇಲೆ ಎರಡು ಕರ್ಣಗಳನ್ನು ಎಳೆದು, ಅರ್ಧ ಕರ್ಣದಷ್ಟು ಕೈವಾರವನ್ನು ತೆರೆದು, ನಾಲ್ಕು ಮೂಲೆಗಳನ್ನೂ ಕ್ರಮವಾಗಿ ಕೇಂದ್ರವಾಗಿಟ್ಟುಕೊಂಡು ಬದಿಗಳನ್ನು ಕಡಿದರೆ ಎಂಟು ಬಿಂದುಗಳು ದೊರೆಯುತ್ತವೆ. ಅವೇ ಎಂಟು ಪಟ್ಟೆಗಳ ಏಣುಗಳು. ಕೈವಾರವೂ ಬೇಡವೆಂದರೆ ಬದಿಯನ್ನು 17 ಸಮಭಾಗ ಮಾಡಿ 5, 7, 5 ಎಂದು ವಿಂಗಡಿಸಬಹುದು. ಅಥವಾ 24 ಭಾಗ ಮಾಡಿ 7, 10, 7 ಎಂದು ವಿಂಗಡಿಸಬಹುದು. ಪಟಸ್ತಂಭಗಳಿಗೆ ಗುರುತು ಹಾಕುವ ಪಾಶ್ಚಾತ್ಯ ನಾವೆಗಾರರ ಉಪಕರಣವು ಈ ಎರಡನೆಯ ಪ್ರಮಾಣದಲ್ಲಿಯೇ ರಚಿತವಾದುದು. ಅದರ ಎರಡು ಗೂಟಗಳನ್ನೂ ಮರದ ಎರಡು ಅಂಚುಗಳಿಗೆ ತಾಗಿಸಿ ಎಳೆದರೆ, ಮರವು ಸಪೂರವಾದಂತೆ ಉಪಕರಣವು ಓರೆಯಾಗಿ, ಪ್ರಮಾಣವು ಕೆಡದೆ ಗೆರೆ ಬೀಳುತ್ತದೆ.

ಇನ್ನು ತುದಿಯ ವಿಚಾರ. ಚೌಕದ ಮೂಲೆಯನ್ನು ಓರೆಯಾದ ಒಂದು ತಲದಿಂದ ಕಡಿದರೆ ಅಲ್ಲಿ ತ್ರಿಕೋಣವು ಹುಟ್ಟುತ್ತದೆ. ಕಂಬದ ಕೆಳಗಣ ಚೌಕದ ಮೇಲೆ ಈ ತ್ರಿಕೋಣದ ಮೊನೆಯು ಕೆಳಮುಖವಾಗಿ ಏಣನ್ನು ಮುಟ್ಟುತ್ತದೆ, ಅಗಲವಾದ ಬದಿಯು ಮೇಲಿದ್ದು ಸವರಿದ ಪಟ್ಟೆಯನ್ನು ಸೇರುತ್ತದೆ; ಮೇಲಣ ಚೌಕದಲ್ಲಿ ಇದು ತಲೆಕೆಳಗಾಗುತ್ತದೆ. ಪ್ರತಿಯೊಂದು ಕಂಬದಲ್ಲಿಯೂ ಇಂತಹ ಎಂಟು ತ್ರಿಕೋಣಗಳು ಬಡಗಿಯು ಬೇಡವೆಂದರೂ ಹುಟ್ಟುತ್ತವೆ. ಅಲಂಕಾರದ ಕೈಗೆ ಇವು ಸಿದ್ಧವಾದ ಹಲಗೆಗಳಾದುವು. ವಿಜಯನಗರ ಕಾಲದ ಕಲ್ಲಿನ ಕಂಬಗಳಲ್ಲಿ ಚೌಕವು ಮುಗಿದು ಎಂಟು ಪಟ್ಟೆ ಆರಂಭವಾಗುವ ಮೂಲೆಗಳಲ್ಲಿ ಹೆಡೆಯೆತ್ತಿದ ನಾಗನ ಆಕಾರವನ್ನು ಕಡೆದಿರುವುದನ್ನು ಹಂಪೆಗೆ ಹೋದವರೆಲ್ಲರೂ ಕಂಡಿರುತ್ತಾರೆ. ಇದಕ್ಕೆ ನಾಗಬಂಧವೆಂದು ಹೆಸರು. ಸವರಿಕೆಯ ತುದಿಯನ್ನು ಅಲಂಕರಿಸುವ ಕಲೆಯಲ್ಲಿ ದಕ್ಷಿಣ ಭಾರತದ ಶಿಲ್ಪಿಯು ಕಂಡುಕೊಂಡ ಉತ್ತರಗಳಲ್ಲಿ ಇದು ಬಹು ಪ್ರಸಿದ್ಧವಾದುದು.

3. ತುದಿಯ ಬಗೆಗಳು

ಮರದಲ್ಲಿ ಕಾಣುವ ತುದಿಗಳನ್ನು ಅವುಗಳ ಆಕಾರವನ್ನು ನೋಡಿ ಆರು ಬಗೆಗಳಾಗಿ ವಿಂಗಡಿಸಬಹುದು. ಇಲ್ಲಿ ಕೊಟ್ಟ ಹೆಸರುಗಳು ವಿವರಣೆಯ ಸೌಕರ್ಯಕ್ಕಾಗಿ ಇಟ್ಟವು.

ಮೊದಲನೆಯದು ಜಾರುತುದಿ. ಸವರಿಕೆಯು ಕ್ರಮವಾಗಿ ಕಿರಿದಾಗುತ್ತ ಏಣಿನಲ್ಲಿ ಲೀನವಾಗುತ್ತದೆ. ಇದು ಎಲ್ಲಕ್ಕಿಂತ ಸುಲಭವಾದುದು. ಬಂಡಿ, ನೇಗಿಲು, ಏಣಿಗಳಂತಹ ಉಪಯೋಗದ ವಸ್ತುಗಳಿಗೆ ಒಪ್ಪುವುದು. ಎರಡನೆಯದು ಓರೆತುದಿ, ಮೇಲೆ ಹೇಳಿದ ಚಪ್ಪಟೆಯಾದ ತ್ರಿಕೋಣವೇ ಇದು. ಮೂರನೆಯದು ಮೆಟ್ಟಿಲುತುದಿ. ಇದರಲ್ಲಿ ಸವರಿಕೆಯು ಮುಗಿಯುವ ಮೊದಲು ಒಂದು ಸಣ್ಣ ಕಚ್ಚನ್ನು ಹಾಕಿ, ಅಲ್ಲಿಂದ ಮುಂದೆ ಓರೆಯಾಗಿ ಅಥವಾ ಬಾಗಾಗಿ ಏಣಿಗೆ ಏರುತ್ತಾರೆ. ಕಚ್ಚಿನ ನೆರಳು ತುದಿಗೆ ಒಂದು ಗಟ್ಟಿಯಾದ ಗೆರೆಯನ್ನು ಕೊಡುತ್ತದೆ. ನಾಲ್ಕನೆಯದು ಶಿಖರತುದಿ. ಇಲ್ಲಿ ಉಳಿದ ಮೂಲೆಯನ್ನು ಅರ್ಧ ಗೋಪುರದಂತೆ ಎರಡು ಮೈಗಳಾಗಿ ಕಡಿದು, ಅದರ ಮೊನೆಯು ಸವರಿದ ಪಟ್ಟೆಯ ಮೇಲೆ ಚಾಚುವಂತೆ ಮಾಡುತ್ತಾರೆ. ಐದನೆಯದು ನಾಲಿಗೆತುದಿ. ಒಂದು ಉಬ್ಬು, ಅದಕ್ಕೆ ಹೊಂದಿಕೊಂಡ ಒಂದು ತಗ್ಗು, ಹೀಗೆ ಎರಡು ವಕ್ರಗಳು ಒಂದರೊಳಗೊಂದು ಹರಿದು ಬರುತ್ತವೆ. ಮುಂದಿನಿಂದ ನೋಡಿದರೆ ಇದು ಎಳೆಯ ಪ್ರಾಣಿಯ ನಾಲಿಗೆಯಂತೆ ಕಾಣುತ್ತದೆ. ಇಂಗ್ಲಿಷ್ ಬಡಗಿಗಳು ಇದನ್ನು ಕುರಿಮರಿಯ ನಾಲಿಗೆಯೆಂದೇ ಕರೆಯುತ್ತಾರೆ. ಆರನೆಯದು ಕೆತ್ತನೆಯ ತುದಿ. ಪದ್ಮದ ದಳ, ಮೊಗ್ಗು, ಎಲೆ, ನಾಗನ ಹೆಡೆ ಮುಂತಾದುವು ಇದಕ್ಕೆ ಸೇರುತ್ತವೆ. ಕೆತ್ತನೆಯ ತುದಿಗಳು ಮೊದಲ ಐದು ಬಗೆಗಳಿಂದ ಬೇರೆಯಾದುವಲ್ಲ. ದಳವನ್ನು ಕೆತ್ತುವವನು ಓರೆತುದಿಯ ತ್ರಿಕೋಣವನ್ನೋ ನಾಲಿಗೆತುದಿಯ ಉಬ್ಬನ್ನೋ ಮೊದಲು ಮಾಡಿಕೊಂಡು, ಅದರ ಮೇಲೆಯೇ ಗೆರೆಗಳನ್ನು ಹೂಡುತ್ತಾನೆ.

ಕೆಲಸದ ಕ್ರಮವು ಈ ಆಕಾರಗಳನ್ನು ಬಹುಮಟ್ಟಿಗೆ ನಿರ್ಧರಿಸುತ್ತದೆ. ಉದ್ದವಾದ ಸವರಿಕೆಯನ್ನು ಬಾಚಿಯಿಂದ ಒರಟಾಗಿ ತೆಗೆದು ಉಜ್ಜುಗೊರಡಿನಿಂದ ನಯಮಾಡಬಹುದು. ಆದರೆ ಉಜ್ಜುಗೊರಡಿನ ಅಲಗು ಅದರ ಮೂತಿಯಿಂದ ಕೆಲವು ಅಂಗುಲ ಹಿಂದೆ ಇರುವುದರಿಂದ, ಮೂತಿಯು ಚೌಕದ ಮೂಲೆಗೆ ತಾಗಿದೊಡನೆ ಅದು ನಿಲ್ಲಲೇಬೇಕಾಗುತ್ತದೆ. ಕೊನೆಯ ಕೆಲವು ಅಂಗುಲಗಳು ಉಳಿ ಮತ್ತು ಕೊಡತಿಗಳ ಪಾಲಿಗೆ ಬರುತ್ತವೆ. ಆದುದರಿಂದ ಕೈಗೆಲಸದ ಕಂಬದಲ್ಲಿ ಸವರಿಕೆಯ ಮೈಯು ಉಪಕರಣದ ಗುರುತನ್ನು ಹೊತ್ತಿದ್ದರೆ, ತುದಿಯು ಕೈಯ ಗುರುತನ್ನು ಹೊತ್ತಿರುತ್ತದೆ.

ಬಡಗಿಯು ಮೊದಲು ತುದಿಯ ಎಲ್ಲೆಯನ್ನು ಅಡ್ಡಲಾಗಿ ಕೊರೆದುಕೊಳ್ಳುತ್ತಾನೆ. ಹೀಗೆ ಎಳೆಗಳನ್ನು ಮುಂಚಿತವಾಗಿ ಕಡಿಯದಿದ್ದರೆ ಉಳಿಯ ಒಂದು ಪೆಟ್ಟಿಗೆ ಸೀಳು ಚೌಕದೊಳಕ್ಕೆ ಓಡಿ, ತಿಂಗಳ ಕೆಲಸವು ಕೆಡಬಹುದು. ಬಳಿಕ ಎತ್ತರವಾದ ಏಣಿನ ಕಡೆಯಿಂದ ತಗ್ಗಾದ ಪಟ್ಟೆಯ ಕಡೆಗೆ, ಇಳಿಜಾರನ್ನು ಅನುಸರಿಸಿಯೇ ಉಳಿಯನ್ನು ನಡೆಸಬೇಕು. ವಿರುದ್ಧವಾಗಿ ನಡೆಸಿದರೆ ಎಳೆಗಳು ಕಿತ್ತುಬರುತ್ತವೆ. ಜಾರುತುದಿಯೂ ನಾಲಿಗೆತುದಿಯೂ ಒಂದನ್ನೊಂದು ಅರಿಯದ ದೇಶಗಳಲ್ಲಿಯೂ ಕಾಣಿಸಿಕೊಂಡಿರುವುದಕ್ಕೆ ಇದೇ ಕಾರಣವಿರಬೇಕು: ಎಳೆಯ ಹಾದಿಯನ್ನು ಅನುಸರಿಸಿದ ಕೈಗೆ ಈ ವಕ್ರಗಳು ತಾವಾಗಿಯೇ ಒದಗಿಬರುತ್ತವೆ. ಇಂದಿನ ವಿದ್ಯುತ್‌ಯಂತ್ರದ ತಿರುಗುವ ಅಲಗು ಸವರಿಕೆಯನ್ನು ನಿಲ್ಲಿಸಿದೆಡೆಯಲ್ಲಿ ತನ್ನದೇ ವ್ಯಾಸದ ಒಂದು ಬಟ್ಟಲಿನಂತಹ ಬಾಗನ್ನು ಬಿಡುತ್ತದೆ. ಎಂಟು ತುದಿಗಳೂ ಅಚ್ಚಿಗೆ ಹೊಯ್ದಂತೆ ಒಂದೇ ಆಗಿರುತ್ತವೆ. ಕೈಗೆಲಸದಲ್ಲಿ ಎಂಟರಲ್ಲಿ ಎರಡೂ ಕೂದಲೆಳೆಯಷ್ಟು ಸರಿಸಮವಾಗಿರುವುದು ಅಪೂರ್ವ.

4. ಪಟ್ಟಿಕೆಗಳ ತುದಿ

ಪಟ್ಟಿಕೆಗಳಲ್ಲಿ ಸಮಸ್ಯೆಯು ಇನ್ನೂ ತೊಡಕಾದುದು, ಏಕೆಂದರೆ ಅಲ್ಲಿ ನಿಲ್ಲಿಸಬೇಕಾದುದು ಒಂದು ಓರೆಯ ಮೈಯನ್ನಲ್ಲ. ಉಬ್ಬು, ತಗ್ಗು, ಗೆರೆಗಳ ಇಡೀ ಗುಂಪನ್ನು. ಬಾಗಿಲುವಾಡದ ಎರಡು ನಿಲುವುಗಳಲ್ಲಿ ಮೇಲೆದ್ದು ಬಂದ ಪಟ್ಟಿಕೆಗಳು ಮೇಲಿನ ಅಡ್ಡಪಟ್ಟಿಯ ಪಟ್ಟಿಕೆಗಳನ್ನು ಸಂಧಿಸುವೆಡೆಯಲ್ಲಿ ಮರಗಳನ್ನು ಅರ್ಧ ಲಂಬಕೋಣಕ್ಕೆ ಕೊಯ್ದು ಕೂಡಿಸುವುದು ಒಂದು ಮಾರ್ಗ. ಆದರೆ ಮರವು ತೇವದಿಂದ ಹಿಗ್ಗಿ ಒಣಗಿದಾಗ ಕುಗ್ಗುವುದು ಎಳೆಗೆ ಅಡ್ಡಲಾಗಿ. ಉದ್ದಕ್ಕೆ ಅದು ಬಹುಮಟ್ಟಿಗೆ ಬದಲಾಗುವುದಿಲ್ಲ. ಆಟಿಯ ಮಳೆಗೂ ಸುಗ್ಗಿಯ ಬಿಸಿಲಿಗೂ ಅಷ್ಟು ಅಂತರವಿರುವ ಕರಾವಳಿಯಲ್ಲಿ ಇಂತಹ ಓರೆಜೋಡಣೆಯು ವರ್ಷಕ್ಕೊಮ್ಮೆ ಬಾಯಿ ತೆರೆಯುವುದು ಸ್ವಾಭಾವಿಕ. ಮೂಲೆಯಲ್ಲಿ ಒಂದು ಚೌಕದ ಭಾಗವನ್ನು ಹಾಗೆಯೇ ಉಳಿಸಿ, ಎರಡೂ ಕಡೆಯ ಪಟ್ಟಿಕೆಗಳನ್ನು ಅದಕ್ಕೆ ತಾಗುವ ಮೊದಲೇ ಮುಗಿಸಿ, ಚೌಕದ ಮೇಲೆ ಒಂದು ಪದ್ಮವನ್ನು ಕೆತ್ತುವುದು ಇನ್ನೊಂದು ಮಾರ್ಗ. ಜೋಡಣೆಯು ತುಸು ತೆರೆದರೂ ಚೌಕದ ಅಂಚಿನ ನೆರಳಿನಲ್ಲಿ ಅದು ಅಡಗಿಹೋಗುತ್ತದೆ.

ನಿಲುವುಗಳ ಬುಡದಲ್ಲಿಯೂ ಪಟ್ಟಿಕೆಗಳು ನೆಲವನ್ನು ಮುಟ್ಟದಿರುವುದು ಲೇಸು. ಕಾಲ್ತುಳಿತ, ಮಳೆಯ ಇರಚಲು ಇವುಗಳಿಗೆ ಸಿಕ್ಕ ಸೂಕ್ಷ್ಮವಾದ ಗೆರೆಗಳು ಬಹುಕಾಲ ಉಳಿಯವು. ಚಾಲುಕ್ಯ, ಹೊಯ್ಸಳ ದೇವಾಲಯಗಳ ಕಲ್ಲಿನ ಬಾಗಿಲುವಾಡಗಳಲ್ಲಿ ಶಾಖೆಗಳು ನೆಲದಿಂದಲೇ ಏಳದೆ, ದ್ವಾರಪಾಲಕರೇ ಮೊದಲಾದ ಮೂರ್ತಿಗಳುಳ್ಳ ಬುಡದ ಭಾಗವೊಂದರ ಮೇಲಿನಿಂದ ಏಳುವುದನ್ನು ಇದರೊಡನೆ ಹೋಲಿಸಿ ನೋಡಬಹುದು.

ಪಟ್ಟಿಕೆಯು ಮೂಲೆಯನ್ನು ಸುತ್ತಿ ಹೋಗದೆ ಬಯಲಿನಲ್ಲಿಯೇ ಮುಗಿಯಬೇಕಾದಾಗ ಶಿಲ್ಪಿಯು ಅದಕ್ಕೆ ಜೀವವನ್ನೇ ಕೊಟ್ಟುಬಿಡುತ್ತಾನೆ. ದ್ರಾವಿಡ ದೇವಾಲಯಗಳಲ್ಲಿ ವ್ಯಾಳಗಳ ಸಾಲುಳ್ಳ ಪಟ್ಟಿಕೆಯು ಮೂಲೆಗಳಲ್ಲಿ ಮಕರಮುಖವಾಗಿ ಹೊರಚಾಚುತ್ತದೆ. ತೋರಣದ ಎರಡು ತುದಿಗಳೂ ಮಕರಗಳ ಬಾಯಿಂದ ಹೊರಡುತ್ತವೆ. ಸೋಪಾನದ ಬದಿಯ ಪಟ್ಟಿಕೆಯು ಆನೆಯ ಸೊಂಡಿಲಾಗಿ ಇಳಿದು ಸುರುಳಿ ಸುತ್ತಿಕೊಳ್ಳುತ್ತದೆ. ಯೂರೋಪಿನ ಗಾಥಿಕ್ ಶಿಲ್ಪಿಗಳು ಕಿಟಕಿಯ ಮೇಲಣ ಪಟ್ಟಿಕೆಯ ಎರಡು ತುದಿಗಳಲ್ಲಿ ಮನುಷ್ಯರ ತಲೆಗಳನ್ನೋ ಎಲೆಗೊಂಚಲನ್ನೋ ಇಟ್ಟರು. ಓಡುತ್ತಿರುವ ಗೆರೆಯು ಕಾರಣವಿಲ್ಲದೆ ಕಡಿದುಹೋದರೆ ಕಣ್ಣಿಗೆ ಅದು ಮುರಿದಂತೆ ತೋರುತ್ತದೆ. ಅದಕ್ಕೊಂದು ತಲೆಯನ್ನಿಟ್ಟರೆ ಅದು ಉದ್ದೇಶಪೂರ್ವಕವಾಗಿ ಮುಗಿದಂತಾಗುತ್ತದೆ. ಎರಡು ನಾಡುಗಳ ಶಿಲ್ಪಿಗಳೂ ಇದನ್ನು ಅರಿತಿದ್ದರು.

5. ಫರ್ಗುಸನ್ನನ ಮಾತು

ಮೂಡಬಿದಿರೆಯ ಬಸದಿಗಳನ್ನು ಕುರಿತು ಜೇಮ್ಸ್ ಫರ್ಗುಸನ್ ತನ್ನ ‘ಹಿಸ್ಟರಿ ಆಫ್ ಇಂಡಿಯನ್ ಅಂಡ್ ಈಸ್ಟರ್ನ್ ಆರ್ಕಿಟೆಕ್ಚರ್’ ಎಂಬ 1876ರ ಗ್ರಂಥದಲ್ಲಿ ಮಾಡಿದ ವಿಮರ್ಶೆಯು ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದೆ. ಅಲ್ಲಿಯ ಕಲ್ಲಿನ ಕಂಬಗಳು ಏಣುಗಳನ್ನು ಭಾಗಶಃ ಸವರಿ ಎಂಟು ಪಟ್ಟೆ ಮಾಡಿದ ಮರದ ದಿಮ್ಮಿಗಳಂತೆ ಕಾಣುತ್ತವೆಂದೂ, ಇಳಿಜಾರಾದ ಮಾಡುಗಳೂ ಮರದ ಕೆಲಸವನ್ನೇ ಹೋಲುತ್ತವೆಂದೂ, ಆದುದರಿಂದ ಈ ಶೈಲಿಯು ಮರದ ಮೂಲದಿಂದ ಬಹುದೂರ ಸರಿದಿರಲಾರದೆಂದೂ ಆತನ ಅಭಿಪ್ರಾಯ. 1430ರಲ್ಲಿ ಕಟ್ಟಿದ ತ್ರಿಭುವನತಿಲಕ ಚೂಡಾಮಣಿ ಬಸದಿಯಲ್ಲಿ, ಎಂದರೆ ಸಾವಿರ ಕಂಬದ ಬಸದಿಯಲ್ಲಿ, ಕೆಳಗೆ ಕಲ್ಲಿನ ಕಂಬಗಳೂ ಮೇಲಂತಸ್ತುಗಳಲ್ಲಿ ಮರದ ಕೆಲಸವೂ ಇರುವುದನ್ನು ನೋಡಿದವರಿಗೆ ಈ ಮಾತು ಸಹಜವಾಗಿಯೇ ತೋರುತ್ತದೆ.

ಫರ್ಗುಸನ್ನನು ಸವರಿಕೆಯನ್ನು ಕಂಡನು. ಆದರೆ ‘ಭಾಗಶಃ’ ಎಂಬ ಮಾತಿನೊಳಗೆ ಅಡಗಿರುವ ಪ್ರಶ್ನೆಯನ್ನು, ಎಂದರೆ ಸವರಿಕೆಯು ಎಲ್ಲಿ ಮತ್ತು ಹೇಗೆ ನಿಲ್ಲುತ್ತದೆ ಎಂಬುದನ್ನು, ಆತನು ಬಿಡಿಸಿ ನೋಡಲಿಲ್ಲ. ಕಂಬವು ಎಂಟು ಪಟ್ಟೆಯಾಗಿರುವುದರಿಂದಲೇ ಅದು ಮರದ ಅನುಕರಣೆಯೆಂದು ಹೇಳಲಾಗದು. ಭಾಜಾ ಗುಹೆಯ ಪ್ರಾಚೀನ ಚೈತ್ಯಾಲಯದಲ್ಲಿ ಎಂಟು ಪಟ್ಟೆಯ ಕಂಬಗಳು ಅಡಿಯಿಂದ ಮುಡಿಯವರೆಗೆ, ಪೀಠವೂ ಬೋದಿಗೆಯೂ ಇಲ್ಲದೆ ನಿಂತಿವೆ. ಅಲ್ಲಿ ತುದಿಯೆಂಬುದೇ ಇಲ್ಲ. ಏಳನೆಯ ಶತಮಾನದ ಆದಿಭಾಗದಲ್ಲಿ ಪಲ್ಲವ ಮಹೇಂದ್ರವರ್ಮನು ಕೊರೆಯಿಸಿದ ಗುಹಾಲಯಗಳಲ್ಲಿ ಕಂಬದ ಕೆಳಗೂ ಮೇಲೂ ಚೌಕಗಳನ್ನು ಬಿಟ್ಟು ನಡುವೆ ಮಾತ್ರ ಸವರಿದ್ದಾರೆ. ಬಂಡೆಯಿಂದಲೇ ಕಡೆದ ಆ ಕಂಬದಲ್ಲಿ ಮೊನೆಯಾಗಲಿ ಕುಳಿಯಾಗಲಿ ಇಲ್ಲ. ಹೆಗಲನ್ನು ಉಳಿಸಬೇಕಾದ ಅಗತ್ಯವೂ ಇಲ್ಲ. ಆದರೂ ಚೌಕಗಳು ಉಳಿದಿವೆ. ಜೋಡಣೆಯೇ ಇಲ್ಲದೆಡೆಯಲ್ಲಿ ಜೋಡಣೆಗಾಗಿ ಹುಟ್ಟಿದ ಆಕಾರವು ಕಾಣಿಸಿಕೊಂಡರೆ, ಅದು ಇನ್ನೊಂದು ಮಾಧ್ಯಮದಿಂದ ಬಂದುದೆಂಬ ಊಹೆಗೆ ಬಲ ಬರುತ್ತದೆ. ಹೀಗೆ ಫರ್ಗುಸನ್ನನ ವಾದಕ್ಕೆ ನಿಜವಾದ ಆಧಾರವು ಸವರಿಕೆಗಿಂತ ಹೆಚ್ಚಾಗಿ ಅದರ ತುದಿಯಲ್ಲಿದೆ ಎಂದು ಹೇಳಬಹುದು.

ಇಲ್ಲಿ ಒಂದು ಎಚ್ಚರವೂ ಅಗತ್ಯ. ಕಲ್ಲಿಗೆ ಬಂದ ಮೇಲೆ ಆಕಾರವು ಕಲ್ಲಿನ ಸ್ವಭಾವವನ್ನು ಪಡೆಯುತ್ತದೆ. ಕಲ್ಲಿಗೆ ಮರದಂತಹ ಎಳೆಯಿಲ್ಲವಾದುದರಿಂದ ತುದಿಯನ್ನು ಉದ್ದವಾಗಿ ಜಾರಿಸಬೇಕಾಗಿಲ್ಲ; ಚೌಕವು ದೊಡ್ಡದಾಗಿ ಬೆಳೆದು ಮೂರ್ತಿಗಳ ಕೆತ್ತನೆಗೆ ಫಲಕವಾಗುತ್ತದೆ. ಆ ಬಳಿಕ ಮರಗೆಲಸದವನು ಕಲ್ಲಿನ ಕಂಬವನ್ನು ನೋಡಿ ಮರದಲ್ಲಿಯೇ ಅದನ್ನು ಅನುಕರಿಸಿರಲೂಬಹುದು. ಮೂಡಬಿದಿರೆಯ ಚೌಟರ ಅರಮನೆಯಲ್ಲಿರುವ, ನವನಾರೀಕುಂಜರ ಮತ್ತು ಪಂಚನಾರೀತುರಗಗಳನ್ನು ಕೆತ್ತಿದ ಮರದ ಕಂಬಗಳನ್ನು ನೋಡುವಾಗ ಈ ಕೊಡುಕೊಳೆಯು ಒಮ್ಮುಖವಾದುದಲ್ಲವೆಂಬುದು ಮನಸ್ಸಿಗೆ ಬರುತ್ತದೆ. 1586ರ ಕಾರ್ಕಳದ ಚತುರ್ಮುಖ ಬಸದಿಯ ಕಲ್ಲುಗೆಲಸವನ್ನೂ ಸುತ್ತಲಿನ ಮನೆಗಳ ಮರಗೆಲಸವನ್ನೂ ಒಟ್ಟಿಗೆ ಇಟ್ಟು ಅಭ್ಯಸಿಸತಕ್ಕ ವಿದ್ಯಾರ್ಥಿಗೆ ಇಲ್ಲಿ ಒಳ್ಳೆಯ ಕ್ಷೇತ್ರವಿದೆ.

ಹತ್ತೊಂಬತ್ತನೆಯ ಶ
ತಮಾನದಲ್ಲಿ ಎರಡನೆಯ ಪರಂಪರೆಯೊಂದು ಇದರೊಡನೆ ಸೇರಿತು. ಗಾಥಿಕ್ ಶೈಲಿಯ ಪುನರುಜ್ಜೀವನದ ಆ ಕಾಲದಲ್ಲಿ ಇಂಗ್ಲಿಷ್ ಮರಗೆಲಸದಲ್ಲಿ ತುದಿಯಿಟ್ಟ ಸವರಿಕೆಯು ಅತ್ಯಂತ ಪ್ರಿಯವಾದ ಅಲಂಕಾರವಾಗಿದ್ದಿತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಪಕ್ಕಾಸು, ರೀಪುಗಳ ಹೊಸ ಮಾಡುಗಳೂ ಅವುಗಳನ್ನು ಹೊರುವ ಜಗಲಿಯ ಸಪೂರ ಕಂಬಗಳೂ ಪ್ರಚಾರಕ್ಕೆ ಬಂದುವು. ದೇಶೀಯ ಪರಂಪರೆಯಲ್ಲಿ ಸವರಿಕೆಯು ಅಗಲವಾಗಿದ್ದು ಕಂಬವನ್ನು ಸಮವಾದ ಎಂಟು ಪಟ್ಟೆಯನ್ನಾಗಿ ಮಾಡಲು ಹವಣಿಸುತ್ತದೆ. ಪಾಶ್ಚಾತ್ಯ ಪರಂಪರೆಯಲ್ಲಿ ಅದು ಕಿರಿದಾಗಿದ್ದು ಕಂಬವು ಚೌಕವಾಗಿಯೇ ಕಾಣುತ್ತದೆ. ಇದು ಸ್ಥೂಲವಾದ ಭೇದ. ಎರಡರ ನಡುವಣ ಉದಾಹರಣೆಗಳೂ ಇರುತ್ತವೆ.

6. ತುದಿಯು ಹೇಳುವ ಸಾಕ್ಷ್ಯ

ಇಂಗ್ಲೆಂಡಿನಲ್ಲಿ ಹಳೆಯ ಮನೆಗಳನ್ನು ಅಭ್ಯಸಿಸುವವರು ತೊಲೆಗಳ ಸವರಿಕೆಯ ತುದಿಗಳನ್ನು ಪಟ್ಟಿಮಾಡಿ, ಮನೆಯ ಕಾಲವನ್ನು ಊಹಿಸಲು ಅವುಗಳನ್ನು ಒಂದು ಆಧಾರವಾಗಿ ಬಳಸುತ್ತಾರೆ. ಅಲ್ಲಿಯ ಕಾಲಗಣನೆಯನ್ನು ಇಲ್ಲಿಗೆ ತರುವುದು ಸಲ್ಲದು. ನಮ್ಮಲ್ಲಿ ಒಂದು ಆಕಾರವು ತಲೆಮಾರುಗಳ ಕಾಲ ಬದಲಾಗದೆ ನಡೆದುಬಂದಿರಬಹುದು. ಆದರೆ ಕಾಲನಿರ್ಣಯಕ್ಕೆ ಹೊರತಾಗಿ ತುದಿಯು ಹೇಳಬಲ್ಲ ಸಂಗತಿಗಳು ಹಲವುಂಟು.

ಸವರಿಕೆಯು ತುದಿಗಳ ನಡುವೆ ಅಳೆದು ಮಾಡಿದುದಾದ್ದರಿಂದ ಅದು ಮರದ ಮೂಲ ಉದ್ದವನ್ನು ಹೇಳುತ್ತದೆ. ಸಾಲಿನ ಇತರ ಕಂಬಗಳಲ್ಲಿ ಬುಡದ ಚೌಕವು ಒಂದು ಮೊಳವಿದ್ದು ಒಂದರಲ್ಲಿ ಮಾತ್ರ ಗೇಣಿದ್ದರೆ, ಆ ಕಂಬದ ಬುಡವು ಕೊಳೆತು ಕಡಿಯಲ್ಪಟ್ಟಿದೆಯೆಂದು ತಿಳಿಯಬಹುದು. ತೊಲೆಯ ಒಂದು ಕಡೆ ಮಾತ್ರ ತುದಿಯಿದ್ದು ಇನ್ನೊಂದು ಕಡೆ ಸವರಿಕೆಯು ಗೋಡೆಯೊಳಕ್ಕೆ ಹೊಕ್ಕಿದ್ದರೆ, ಗೋಡೆಯು ಆಮೇಲೆ ಬಂದುದು ಅಥವಾ ತೊಲೆಯು ಬೇರೆಡೆಯಿಂದ ಬಂದುದು. ತೊಲೆಯ ನಡುವೆ ಸವರಿಕೆಯು ನಿಂತು ಮತ್ತೆ ಆರಂಭವಾಗಿದ್ದರೆ ಆ ಎಡೆಯಲ್ಲಿ ಒಂದು ಅಡ್ಡತೊಲೆಯೋ ಅಡ್ಡಗೋಡೆಯೋ ಇದ್ದಿರಬೇಕು. ತುದಿಯನ್ನು ಕಡಿದುಕೊಂಡು ಹೋದ ಕುಳಿಯು ಕಂಡರೆ ಆ ಕುಳಿಯು ಸವರಿಕೆಗಿಂತ ಈಚಿನದು. ಒಂದು ಚಾವಡಿಯ ಕಂಬಗಳಲ್ಲಿ ಎರಡು ಬಗೆಯ ತುದಿಗಳಿದ್ದರೆ ಎರಡು ಕೈಗಳು ಅಥವಾ ಎರಡು ಕಾಲಗಳು ಅಲ್ಲಿ ಕೆಲಸ ಮಾಡಿವೆ. ಪಾಲು, ದುರಸ್ತಿ, ವಿಸ್ತರಣೆಗಳನ್ನು ಕಂಡ ಕೂಡುಕುಟುಂಬದ ಮನೆಗೆ ಬರೆಹದ ದಾಖಲೆಯಿಲ್ಲದಾಗ ಇಂತಹ ಗುರುತುಗಳೇ ದಾಖಲೆಗಳು.

ಈ ಸಾಕ್ಷ್ಯಕ್ಕೆ ಒದಗಿರುವ ಅಪಾಯವು ವಿಶೇಷವಾದುದು. ಮನೆಯನ್ನು ಕೆಡವಿದಾಗ ಕೆತ್ತನೆಯ ಬೋದಿಗೆಗೂ ಬಾಗಿಲಿಗೂ ಬೆಲೆಯಿರುವುದರಿಂದ ಅವು ಹೇಗಾದರೂ ಉಳಿಯುತ್ತವೆ. ಕಂಬಗಳೂ ಮಾರಾಟವಾಗುತ್ತವೆ, ಆದರೆ ಕೊಂಡವರು ಅವುಗಳನ್ನು ತಮ್ಮ ಎತ್ತರಕ್ಕೆ ಸರಿಯಾಗಿ ಕೊಯ್ಯುವಾಗ ಗರಗಸವು ಬೀಳುವುದು ತುದಿಗಳ ಮೇಲೆಯೇ. ಬುಡವು ಕೊಳೆತಿರುತ್ತದೆ, ತಲೆಯಲ್ಲಿ ಹಳೆಯ ಮೊನೆಯಿರುತ್ತದೆ. ನಡುವಣ ನಯವಾದ ಎಂಟು ಪಟ್ಟೆ ಮಾತ್ರ ಹೊಸ ಮನೆಯನ್ನು ಸೇರುತ್ತದೆ. ಎಷ್ಟು ಉದ್ದವಿತ್ತು, ಎಲ್ಲಿ ಕೂಡಿತ್ತು, ಯಾರ ಕೈಯದು ಎಂಬುದನ್ನು ಹೇಳಬಲ್ಲ ಭಾಗವು ಒಲೆಗೆ ಹೋಗುತ್ತದೆ.

ವಿಜಯನಾಥ ಶೆಣೈಯವರು ಮಣಿಪಾಲದಲ್ಲಿ ಕೈಗೊಂಡ ಕಾರ್ಯದ ಮಹತ್ತ್ವವು ಇಲ್ಲಿ ಸ್ಪಷ್ಟವಾಗುತ್ತದೆ. 2017ರಲ್ಲಿ ತೀರಿಕೊಂಡ ಅವರು ಕೆಡವಲ್ಪಡಲಿದ್ದ ಮನೆಗಳನ್ನು ಬಿಡಿಸಿ ತಂದು ಹಸ್ತಶಿಲ್ಪದ ಪಾರಂಪರಿಕ ಗ್ರಾಮದಲ್ಲಿ ಮತ್ತೆ ಕಟ್ಟಿಸಿದರು. ಕಾಪುವಿನ ಕಡೆಯ ಕುಂಜೂರು ಚೌಕಿಮನೆಯೂ ಅವುಗಳಲ್ಲೊಂದು. ಮನೆಯೊಂದನ್ನು ಇಡಿಯಾಗಿ ಎತ್ತಿ ತಂದಾಗ ಜೋಡಣೆಗಳೂ ತುದಿಗಳೂ ತಮ್ಮ ಸ್ಥಾನದಲ್ಲಿ ಉಳಿಯುತ್ತವೆ. ಕಾಪು ತಾಲೂಕಿನವರೇ ಆದ ಪಾದೂರು ಗುರುರಾಜ ಭಟ್ಟರು ತುಳುನಾಡಿನ ದೇವಾಲಯಗಳನ್ನೂ ಮೂರ್ತಿಗಳನ್ನೂ ಊರೂರು ಸುತ್ತಿ ದಾಖಲಿಸಿ, ಇಂಗ್ಲಿಷಿನಲ್ಲಿ ಬರೆದ ‘ಸ್ಟಡೀಸ್ ಇನ್ ತುಳುವ ಹಿಸ್ಟರಿ ಅಂಡ್ ಕಲ್ಚರ್’ ಎಂಬ ಮಹಾಗ್ರಂಥವನ್ನು 1975ರಲ್ಲಿ ಪ್ರಕಟಿಸಿದರು. ಮನೆಯ ಮರಗೆಲಸಕ್ಕೂ ಅಂತಹದೇ ಶ್ರದ್ಧೆಯ ದಾಖಲೆ ಬೇಕು.

7. ದಾಖಲಿಸುವ ಕ್ರಮ

ಈ ಕಾರ್ಯಕ್ಕೆ ಹೆಚ್ಚಿನ ಸಲಕರಣೆಗಳು ಬೇಡ. ಅಳತೆಪಟ್ಟಿ, ಕಾಗದ, ಸೀಸದಕಡ್ಡಿ, ಚಿತ್ರ ತೆಗೆಯುವ ಯಂತ್ರ ಇಷ್ಟಿದ್ದರೆ ಸಾಕು. ಪ್ರತಿಯೊಂದು ಕಂಬಕ್ಕೂ ಸಂಖ್ಯೆಯನ್ನು ಕೊಟ್ಟು, ಚಾವಡಿಯ ನಕ್ಷೆಯಲ್ಲಿ ಅದರ ಸ್ಥಾನವನ್ನೂ ದಿಕ್ಕನ್ನೂ ಗುರುತಿಸಬೇಕು. ಬುಡದ ಚೌಕ, ಸವರಿದ ಮೈ, ಮೇಲಣ ಚೌಕ ಈ ಮೂರರ ಉದ್ದಗಳನ್ನೂ, ಚೌಕದ ಬದಿಯನ್ನೂ, ಸವರಿದ ಪಟ್ಟೆಯ ಅಗಲವನ್ನೂ ಅಳೆಯಬೇಕು. ತುದಿಯ ಮೇಲೆ ತೆಳುವಾದ ಕಾಗದವನ್ನಿಟ್ಟು ಸೀಸದಕಡ್ಡಿಯಿಂದ ಉಜ್ಜಿದರೆ ಉಳಿಯ ಗುರುತುಗಳೂ ಮೂಡುತ್ತವೆ. ಚಿತ್ರವನ್ನು ತೆಗೆಯುವಾಗ ಬೆಳಕು ಬದಿಯಿಂದ ಬೀಳಬೇಕು, ಪಕ್ಕದಲ್ಲಿ ಅಳತೆಗೋಲಿರಬೇಕು.

ಹೆಸರುಗಳ ಸಂಗ್ರಹವೂ ಅಷ್ಟೇ ಮುಖ್ಯ. ಈ ಲೇಖನದಲ್ಲಿ ಬಳಸಿದ ಜಾರುತುದಿ, ನಾಲಿಗೆತುದಿ ಮೊದಲಾದ ಮಾತುಗಳು ಕೈಕೆಲಸದವರ ಮಾತುಗಳಲ್ಲ. ಊರಿನ ಆಚಾರ್ಯರ ಮನೆಗಳಲ್ಲಿ ಹಿರಿಯರನ್ನು ಕೇಳಿ, ಅವರು ತುಳುವಿನಲ್ಲಿ ಹೇಳುವ ಹೆಸರನ್ನು ಉಚ್ಚಾರಣೆಯೊಡನೆ ಬರೆದುಕೊಳ್ಳಬೇಕು. ಉಡುಪಿಯ ರಾಷ್ಟ್ರಕವಿ ಗೋವಿಂದ ಪೈ ಸಂಶೋಧನ ಕೇಂದ್ರವು ಹೊರತಂದ, ಯು. ಪಿ. ಉಪಾಧ್ಯಾಯರ ಸಂಪಾದಕತ್ವದ ತುಳು ನಿಘಂಟಿನೊಡನೆ ಅವುಗಳನ್ನು ಹೋಲಿಸಿ ನೋಡಬಹುದು. ಒಂದು ಆಕಾರಕ್ಕೆ ಬೇರೆ ಬೇರೆ ಊರುಗಳಲ್ಲಿ ಬೇರೆ ಬೇರೆ ಹೆಸರಿದ್ದರೆ, ಅಥವಾ ಎರಡು ಆಕಾರಗಳಿಗೆ ಒಂದೇ ಹೆಸರಿದ್ದರೆ, ಅದೂ ಒಂದು ಫಲಿತಾಂಶವೇ.

ಒಂದು ಕಾಲೇಜಿನ ಹತ್ತು ಮಂದಿ ವಿದ್ಯಾರ್ಥಿಗಳು ತಮ್ಮ ತಮ್ಮ ಊರಿನಲ್ಲಿ ಒಂದೊಂದು ಚಾವಡಿಯನ್ನು ಈ ರೀತಿ ಅಳೆದರೆ, ಹೆಜಮಾಡಿಯ ನದಿಮುಖದಿಂದ ಕಾರ್ಕಳದ ಬಂಡೆಗಳವರೆಗಿನ ನಾಡಿನ ಮೊದಲ ಪಟ್ಟಿಯು ಒಂದು ವರ್ಷದಲ್ಲಿ ಸಿದ್ಧವಾಗಬಹುದು. ಯಾವ ಊರಿನಲ್ಲಿ ಯಾವ ತುದಿಯು ಹೆಚ್ಚು, ಕಲ್ಲಿನ ಬಸದಿಗಳ ಹತ್ತಿರದಲ್ಲಿ ನಾಗಬಂಧದಂತಹ ಕೆತ್ತನೆಗಳು ಮನೆಗಳಿಗೂ ಬಂದಿವೆಯೇ, ಕರಾವಳಿಯ ಅಂಚಿಗೂ ಘಟ್ಟದ ಬುಡಕ್ಕೂ ಭೇದವುಂಟೇ ಎಂಬ ಪ್ರಶ್ನೆಗಳಿಗೆ ಆ ಪಟ್ಟಿಯಿಂದ ಉತ್ತರಗಳನ್ನು ನಿರೀಕ್ಷಿಸಬಹುದು. ಮನೆಯನ್ನು ಉಳಿಸುವ ಶಕ್ತಿಯು ಎಲ್ಲರಿಗೂ ಇರುವುದಿಲ್ಲ. ಮನೆಯವರು ಹೊಸದನ್ನು ಕಟ್ಟಿಕೊಳ್ಳಬಾರದೆಂದು ಹೇಳುವ ಅಧಿಕಾರವೂ ನಮಗಿಲ್ಲ. ಆದರೆ ಗರಗಸವು ಬೀಳುವ ಮೊದಲು ಕಂಬದ ಬುಡವನ್ನೂ ತಲೆಯನ್ನೂ ಅಳೆದಿಡುವುದು ಒಂದು ಮಧ್ಯಾಹ್ನದ ಕೆಲಸ. ಅಷ್ಟನ್ನು ಮಾಡಿದರೆ, ಮರವು ಎಲ್ಲಿಗೆ ಹೋದರೂ ಅದನ್ನು ಕಡೆದ ಕೈಯ ವಿವೇಚನೆಯು ಓದಬಲ್ಲವರಿಗೆ ಉಳಿದಿರುತ್ತದೆ.